ದಂಡನಾಯಕ ದೊರೆ, ದಂಡು ಯಾರದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಸೈನ್ಯಕ್ಕೆ ಸೇರಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಹತ್ತನೇ ತರಗತಿಯ ಮಕ್ಕಳ ಜೊತೆ ಮಾತಾಡಿದ. ರಾಷ್ಟ್ರಪತಿಯವರ ಎಲ್ಲ ಆಜ್ಞೆಗಳನ್ನೂ ಪಾಲಿಸುತ್ತೇನೆಂದು ತಾನು ಪ್ರಮಾಣ ಮಾಡಿದ್ದನ್ನು ಹೇಳಿದ. ಆಗ ಒಬ್ಬ ಹುಡುಗಿ ಎದ್ದು, "ಅಣ್ಣಾ, ರಾಷ್ಟ್ರಪತಿ ಪಾರ್ಲಿಮೆಂಟಿಗೇ ಬೀಗ ಹಾಕಿಸಿ ಅಂದ್ರೆ ನೀವು ಹಾಕಲೇಬೇಕಾ?" ಎಂದು ಕೇಳಿದಳು. ಅವನು ನನ್ನ ಮುಖ ನೋಡಿದ. ನಾನು ಇಂಗ್ಲೆಂಡಿನ ಕಥೆ ಹೇಳಿ, "1689ರಲ್ಲೇ ಪಾರ್ಲಿಮೆಂಟು ರಾಜನಿಂದ ಸೈನ್ಯವನ್ನು ಕಿತ್ತುಕೊಂಡಿತು, ನಾವೂ ಅದೇ ದಾರಿಯವರು" ಎಂದೆ. ಮನೆಗೆ ಬಂದು ಹುಡುಕಿದರೆ ಬ್ರಿಟನ್ನಿನ ಸೈನಿಕರು ಇವತ್ತಿಗೂ ರಾಜನಿಗೇ ಪ್ರಮಾಣ ಮಾಡುತ್ತಾರೆ! ನಾನು ಮಕ್ಕಳಿಗೆ ತಪ್ಪು ಹೇಳಿದೆನೇ? ಅದಕ್ಕೂ ಮೊದಲು, 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದದ್ದು ತೆರಿಗೆಗೋ, ಧರ್ಮಕ್ಕೋ, ಸೈನ್ಯಕ್ಕೋ? ಆ ಹುಡುಗಿಗೆ ಏನು ಹೇಳಲಿ?

ಉತ್ತರ: ಟೀಚರ್, ನೀವು ಹೇಳಿದ್ದರಲ್ಲಿ ಒಂದೇ ಒಂದು ಪದ ತಪ್ಪು: "ಕಿತ್ತುಕೊಂಡಿತು". ಕಾನೂನು ಕಾಲೇಜಿನಲ್ಲಿ ಮೂವತ್ತು ವರ್ಷ ಸಂವಿಧಾನ ಪಾಠ ಮಾಡಿದವನು ನಾನು. ಉತ್ತರ ಪತ್ರಿಕೆ ತಿದ್ದುವಾಗ "1689ರಲ್ಲಿ ಸೈನ್ಯ ಪಾರ್ಲಿಮೆಂಟಿನ ವಶವಾಯಿತು" ಎಂಬ ಸಾಲು ಪ್ರತಿ ವರ್ಷ ಸಿಗುತ್ತಿತ್ತು. ಅದರ ಪಕ್ಕದಲ್ಲಿ "ವಶವಾದದ್ದು ಯಾವುದು? ಆಜ್ಞೆಯೋ, ಸಂಬಳವೋ, ಶಿಸ್ತಿನ ಕಾನೂನೋ?" ಎಂದು ಬರೆಯುತ್ತಿದ್ದೆ. ಸೈನ್ಯದ ಮೇಲಿನ ಅಧಿಕಾರ ಎನ್ನುವುದು ಈ ಮೂರು ಎಳೆಗಳ ಹಗ್ಗ. ಪಾರ್ಲಿಮೆಂಟು 1642ರಲ್ಲಿ ಮೊದಲ ಎಳೆಗೇ, ಅಂದರೆ ಆಜ್ಞೆಗೇ ಕೈ ಹಾಕಿತು. ಏಳು ವರ್ಷ ತುಂಬುವುದರೊಳಗೆ ಅದರದೇ ಸೈನ್ಯ ಅದರ ಬಾಗಿಲಿಗೆ ಬಂದು ನಿಂತಿತು. 1689ರಲ್ಲಿ ಆಜ್ಞೆಯನ್ನು ರಾಜನಿಗೇ ಬಿಟ್ಟು ಉಳಿದ ಎರಡು ಎಳೆಗಳನ್ನು ಬಿಗಿಯಾಗಿ ಹಿಡಿಯಿತು. ಆ ಏರ್ಪಾಟು ಉಳಿದುಕೊಂಡಿತು. ಬ್ರಿಟನ್ನಿನ ಸೈನಿಕ ಇವತ್ತಿಗೂ ರಾಜನ ಹೆಸರು ಹೇಳುವುದು ಇದರಿಂದಲೇ.

ತೆರಿಗೆಯೋ ಧರ್ಮವೋ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ 1629ರಿಂದ ಹನ್ನೊಂದು ವರ್ಷ ಪಾರ್ಲಿಮೆಂಟ್ ಕರೆಯದೆ ಆಳಿದ. ಬಂದರು ಊರುಗಳು ಯುದ್ಧಕಾಲದಲ್ಲಿ ಕೊಡುತ್ತಿದ್ದ ಹಡಗು ತೆರಿಗೆಯನ್ನು ಸಮುದ್ರವನ್ನೇ ಕಾಣದ ಒಳನಾಡಿನ ಮೇಲೂ ಹೇರಿದ. ಜಾನ್ ಹ್ಯಾಂಪ್ಡನ್ ಎಂಬ ಜಮೀನ್ದಾರ ಕೊಡುವುದಿಲ್ಲವೆಂದಾಗ ಮೊಕದ್ದಮೆ ನಡೆಯಿತು. 1638ರಲ್ಲಿ ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ರಾಜನ ಪರ ನಿಂತರು. ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಅವರ ಸೈನ್ಯವನ್ನು ಉತ್ತರ ಇಂಗ್ಲೆಂಡಿನೊಳಕ್ಕೆ ಕರೆತಂದುಕೊಂಡ. ಅವರಿಗೆ ದಿನಕ್ಕೆ 850 ಪೌಂಡ್ ಕೊಡುವ ಕರಾರಾಯಿತು. ದುಡ್ಡಿಲ್ಲದೆ 1640ರ ನವೆಂಬರಿನಲ್ಲಿ ಪಾರ್ಲಿಮೆಂಟ್ ಕರೆಯಲೇಬೇಕಾಯಿತು. ಪಠ್ಯಪುಸ್ತಕಗಳು ಇಲ್ಲಿಂದ ನೇರವಾಗಿ ಯುದ್ಧಕ್ಕೆ ಹಾರಿಬಿಡುತ್ತವೆ. ನಡುವೆ ಬಂದ 1641ನ್ನು ಗಮನಿಸಿ. ಆ ವರ್ಷ ಹಡಗು ತೆರಿಗೆ ರದ್ದಾಯಿತು, ರಾಜನ ವಿಶೇಷ ನ್ಯಾಯಾಲಯ ಸ್ಟಾರ್ ಚೇಂಬರ್ ರದ್ದಾಯಿತು, ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟ್ ಸೇರಬೇಕೆಂಬ ಕಾಯ್ದೆ ಬಂತು. ಎಲ್ಲಕ್ಕೂ ಚಾರ್ಲ್ಸ್ ಅಂಕಿತ ಹಾಕಿದ್ದ. ತೆರಿಗೆಯ ಜಗಳ ಬಹುಮಟ್ಟಿಗೆ ಮುಗಿದಿತ್ತು. ಧರ್ಮದ ಜಗಳ ಮುಗಿದಿರಲಿಲ್ಲ. ಜನರ ಎದೆಯಲ್ಲಿ ಭಯ ತುಂಬಿದ್ದು ಅದೇ. ಆದರೆ ಆ ಭಯ ಕತ್ತಿ ಹಿಡಿದದ್ದು ಸೈನ್ಯದ ಪ್ರಶ್ನೆ ಬಂದ ಮೇಲೆ.

1641ರ ಅಕ್ಟೋಬರ್ 23ರಂದು ಐರ್ಲೆಂಡಿನಲ್ಲಿ ಕ್ಯಾಥೊಲಿಕರ ದಂಗೆ ಎದ್ದಿತು. ಅದನ್ನು ಅಡಗಿಸಲು ಸೈನ್ಯ ಕಟ್ಟಬೇಕೆಂಬುದರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಎರಡು ಮಾತಿರಲಿಲ್ಲ. ಕಟ್ಟಿದ ಸೈನ್ಯ ಯಾರ ಮಾತು ಕೇಳಬೇಕು ಎನ್ನುವಲ್ಲಿ ಎಲ್ಲ ನಿಂತುಹೋಯಿತು. ರಾಜನ ಕೈಗೆ ಕೊಟ್ಟರೆ ಅದು ಐರ್ಲೆಂಡಿಗೆ ಹೋಗುವ ಮೊದಲು ನಮ್ಮ ಮೇಲೆ ತಿರುಗುತ್ತದೆ ಎಂದು ಕೆಳಮನೆ ಹೆದರಿತು. ಅದೇ ವರ್ಷ ಕೆಲವು ಸೇನಾಧಿಕಾರಿಗಳು ರಾಜನ ಪರವಾಗಿ ಪಿತೂರಿ ನಡೆಸಿದ್ದು ಹೊರಬಿದ್ದಿತ್ತು, ಹಾಗಾಗಿ ಹೆದರಿಕೆಗೆ ಆಧಾರವಿತ್ತು.

ಆಗ ಇಂಗ್ಲೆಂಡಿನಲ್ಲಿ ಖಾಯಂ ಸೈನ್ಯ ಎಂಬುದೇ ಇರಲಿಲ್ಲ. ನಮ್ಮ ಮಕ್ಕಳು ಬ್ಯಾರಕ್ಕು, ಕಂಟೋನ್ಮೆಂಟು ನೋಡಿ ಬೆಳೆದವರು, ಅವರಿಗೆ ಇದನ್ನು ಬಿಡಿಸಿ ಹೇಳಿ. ಇದ್ದದ್ದು ಮಿಲಿಷಿಯಾ: ಊರೂರಿನ ರೈತರು, ಕಸುಬಿನವರು ಆಗಾಗ ಸೇರಿ ಕವಾಯತು ಮಾಡುವ ಪಡೆ. ಪ್ರತಿ ಕೌಂಟಿಯಲ್ಲೂ ರಾಜ ನೇಮಿಸಿದ ಲಾರ್ಡ್ ಲೆಫ್ಟಿನೆಂಟ್ ಅದಕ್ಕೆ ಮುಖ್ಯಸ್ಥ. ಆದ್ದರಿಂದ ಸೈನ್ಯ ಯಾರದು ಎಂಬ ಪ್ರಶ್ನೆ ಕೊನೆಗೆ ಎರಡು ಸಣ್ಣ ಪ್ರಶ್ನೆಗಳಾಗಿ ಒಡೆಯಿತು: ಈ ಲೆಫ್ಟಿನೆಂಟರನ್ನು ನೇಮಿಸುವವರು ಯಾರು? ಮದ್ದುಗುಂಡಿನ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿ?

1641ರ ಡಿಸೆಂಬರಿನಲ್ಲಿ ಮಿಲಿಷಿಯಾ ಮಸೂದೆ ಕೆಳಮನೆಗೆ ಬಂತು. 1642ರ ಜನವರಿ 4ರಂದು ಚಾರ್ಲ್ಸ್ ನೂರಾರು ಆಯುಧಧಾರಿಗಳ ಜೊತೆ ಕೆಳಮನೆಗೆ ನುಗ್ಗಿ ಐವರು ಸದಸ್ಯರನ್ನು ಹಿಡಿಯಲು ಹೋದ. ಅವರು ಮೊದಲೇ ದೋಣಿ ಹತ್ತಿ ತಪ್ಪಿಸಿಕೊಂಡಿದ್ದರು. ಎಲ್ಲಿ ಅವರು ಎಂದು ಸ್ಪೀಕರ್ ವಿಲಿಯಂ ಲೆಂಥಾಲ್‌ನನ್ನು ರಾಜ ಕೇಳಿದಾಗ, ಈ ಮನೆ ಅಪ್ಪಣೆ ಕೊಡದ ಹೊರತು ನನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂದು ಆತ ಮಂಡಿಯೂರಿ ಹೇಳಿದ. ಆ ದಿನದ ನಂತರ ನಂಬಿಕೆಯ ಮಾತೇ ಉಳಿಯಲಿಲ್ಲ. ಮಾರ್ಚ್ ತಿಂಗಳಲ್ಲಿ ನ್ಯೂಮಾರ್ಕೆಟ್‌ನಲ್ಲಿ ಪಾರ್ಲಿಮೆಂಟಿನ ನಿಯೋಗ, ಸ್ವಲ್ಪ ಕಾಲದ ಮಟ್ಟಿಗಾದರೂ ಮಿಲಿಷಿಯಾ ನಮಗೆ ಬಿಟ್ಟುಕೊಡಿ ಎಂದು ಬೇಡಿತು. ದೇವರಾಣೆ, ಒಂದು ಗಂಟೆಯ ಮಟ್ಟಿಗೂ ಇಲ್ಲ ಎಂದ ಚಾರ್ಲ್ಸ್. ಯಾವ ದೊರೆಯನ್ನೂ ಯಾರೂ ಕೇಳದ್ದನ್ನು ಕೇಳಿದ್ದೀರಿ, ನನ್ನ ಹೆಂಡತಿ ಮಕ್ಕಳ ಕೈಗೂ ನಾನಿದನ್ನು ಕೊಡೆ ಎಂದ.

ಅಷ್ಟರಲ್ಲಿ ಮಾರ್ಚ್ 5ರಂದೇ ಎರಡೂ ಮನೆಗಳು ಅಂಕಿತವಿಲ್ಲದೆಯೇ ಮಿಲಿಷಿಯಾ ಆರ್ಡಿನೆನ್ಸ್ ಹೊರಡಿಸಿಬಿಟ್ಟಿದ್ದವು. ಇದನ್ನು ದಯವಿಟ್ಟು ಸುಗ್ರೀವಾಜ್ಞೆ ಎಂದು ಅನುವಾದಿಸಬೇಡಿ. ನಮ್ಮ ಸುಗ್ರೀವಾಜ್ಞೆ ಶಾಸನಸಭೆ ಕೂಡದಿದ್ದಾಗ ಸರ್ಕಾರ ಹೊರಡಿಸುವಂಥದ್ದು. 1642ರದ್ದು ಅದರ ತಿರುವುಮುರುವು: ದೊರೆ ಒಪ್ಪದಿದ್ದಾಗ ಶಾಸನಸಭೆಯೇ ಹೊರಡಿಸಿದ್ದು. ಮಕ್ಕಳು ಇಲ್ಲಿ ಗೊಂದಲಗೊಂಡರೆ ಇಡೀ ಪಾಠ ತಲೆಕೆಳಗಾಗುತ್ತದೆ.

ಕಾನೂನು ಪಾರ್ಲಿಮೆಂಟಿನ ಪರವಾಗಿತ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾವು ಪ್ರಜಾಪ್ರಭುತ್ವದವರು, ಮನಸ್ಸು ಆ ಕಡೆ ವಾಲುವುದು ಸಹಜ. ಆದರೆ ಹಳೆಯ ಕಾನೂನಿನ ಪ್ರಕಾರ ರಾಜನ ಅಂಕಿತವಿಲ್ಲದೆ ಯಾವುದೂ ಕಾಯ್ದೆಯಾಗುವುದಿಲ್ಲ, ಸೈನ್ಯದ ಆಜ್ಞೆ ರಾಜನದೇ. ಪಾರ್ಲಿಮೆಂಟಿನವರಿಗೂ ಇದು ಗೊತ್ತಿತ್ತು. ಅದಕ್ಕೇ ಅವರು ಒಂದು ಹೊಸ ವಾದ ಹೂಡಿದರು: ರಾಜ ಎಂಬ ಮನುಷ್ಯ ಬೇರೆ, ರಾಜಪದವಿ ಬೇರೆ. ಮನುಷ್ಯ ದಾರಿ ತಪ್ಪಿದರೂ ಪದವಿಯ ಅಧಿಕಾರ ಎರಡು ಮನೆಗಳ ಮೂಲಕ ನಡೆಯುತ್ತದೆ. ಹೀಗೆ ಅವರು ರಾಜನ ವಿರುದ್ಧ ಪಡೆ ಕೂಡಿಸಿದ್ದೂ ರಾಜನ ಹೆಸರಿನಲ್ಲೇ. ಈ ವಾದವನ್ನು ನೆನಪಿಟ್ಟುಕೊಳ್ಳಿ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬೇಕಾಗುತ್ತದೆ.

ಏಪ್ರಿಲ್ 23ರಂದು ಚಾರ್ಲ್ಸ್ ಹಲ್ ಪಟ್ಟಣದ ಹೆಬ್ಬಾಗಿಲಿಗೆ ಬಂದ. ಸ್ಕಾಟರ ಮೇಲಿನ ಯುದ್ಧಕ್ಕೆಂದು ಕೂಡಿಟ್ಟಿದ್ದ ಆಯುಧಗಳೆಲ್ಲ ಆ ಊರಿನಲ್ಲಿದ್ದವು. ಪಾರ್ಲಿಮೆಂಟ್ ನೇಮಿಸಿದ ಸರ್ ಜಾನ್ ಹಾಥಮ್ ಗೋಡೆಯ ಮೇಲೆ ನಿಂತು ಬಾಗಿಲು ತೆಗೆಯುವುದಿಲ್ಲ ಎಂದ. ತನ್ನದೇ ಊರಿನ ಮುಚ್ಚಿದ ಬಾಗಿಲ ಮುಂದೆ ದೊರೆ ಕಾದು, ಕೊನೆಗೆ ಆತನನ್ನು ದ್ರೋಹಿಯೆಂದು ಸಾರಿ ಹಿಂತಿರುಗಿದ. ಇದೇ ಹಾಥಮ್ ಮುಂದೆ ರಾಜನ ಕಡೆ ವಾಲಲು ಹೋಗಿ 1645ರಲ್ಲಿ ಪಾರ್ಲಿಮೆಂಟಿನಿಂದಲೇ ತಲೆ ಕಳೆದುಕೊಂಡ. ಆ ಬೇಸಿಗೆಯಲ್ಲಿ ಕೌಂಟಿಗಳ ಯಜಮಾನರ ಪಾಡು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಒಂದು ಕಡೆ ಪಾರ್ಲಿಮೆಂಟಿನ ಆರ್ಡಿನೆನ್ಸ್, ಇನ್ನೊಂದು ಕಡೆ ಪಡೆ ಕೂಡಿಸಲು ರಾಜ ಹೊರಡಿಸಿದ, ಲ್ಯಾಟಿನ್‌ನಲ್ಲಿ ಬರೆದ ಹಳೇ ಪದ್ಧತಿಯ ಆಜ್ಞಾಪತ್ರ. ಎರಡೂ ರಾಜನ ಹೆಸರಿನಲ್ಲೇ. ಒಂದನ್ನು ಪಾಲಿಸಿದರೆ ಇನ್ನೊಂದರ ಲೆಕ್ಕದಲ್ಲಿ ದ್ರೋಹ. ಮನೆಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಆಗಸ್ಟ್ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ರಾಜಧ್ವಜ ಏರಿತು. ಐರ್ಲೆಂಡಿನ ದಂಗೆಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಅಕ್ಟೋಬರ್ 23ರಂದು, ಎಜ್‌ಹಿಲ್‌ನಲ್ಲಿ ಮೊದಲ ದೊಡ್ಡ ಕಾಳಗ.

ಯುದ್ಧದ ವಿವರಕ್ಕೆ ಹೋಗುವುದಿಲ್ಲ. ಪಾರ್ಲಿಮೆಂಟು 1645ರಲ್ಲಿ ನ್ಯೂ ಮಾಡೆಲ್ ಆರ್ಮಿ ಎಂಬ ಹೊಸ ಸೈನ್ಯ ಕಟ್ಟಿ, ಆ ಜೂನ್‌ನಲ್ಲಿ ನೇಸ್‌ಬಿಯಲ್ಲಿ ಗೆದ್ದಿತು. ರಾಜ ಸೋತ ಮೇಲೂ ಚೌಕಾಸಿ ನಡೆದದ್ದು ಮಿಲಿಷಿಯಾದ ಮೇಲೆ. ಇಪ್ಪತ್ತು ವರ್ಷ ಅದು ನಮ್ಮ ಕೈಯಲ್ಲಿರಲಿ ಎಂದು ಪಾರ್ಲಿಮೆಂಟಿನವರು ಕೇಳಿದರು. ಒಂದು ಗಂಟೆಗೂ ಇಲ್ಲ ಎಂದಿದ್ದ ಚಾರ್ಲ್ಸ್ 1647ರಲ್ಲಿ ಹತ್ತು ವರ್ಷಕ್ಕೆ ಇಳಿದಿದ್ದ.

ಆದರೆ ಅಷ್ಟು ಹೊತ್ತಿಗೆ ಪಾರ್ಲಿಮೆಂಟಿಗೇ ತನ್ನ ಸೈನ್ಯ ಹಿಡಿತದಲ್ಲಿರಲಿಲ್ಲ. ಕಾರಣ ಬಹಳ ಸರಳ: ಸಂಬಳ. 1647ರ ವಸಂತದಲ್ಲಿ ಕಾಲಾಳುಗಳಿಗೆ 18 ವಾರ, ಸವಾರರಿಗೆ 43 ವಾರ ಬಾಕಿಯಿತ್ತು. ಅದನ್ನು ತೀರಿಸದೆ ಸೈನ್ಯ ವಿಸರ್ಜಿಸಲು, ಉಳಿದವರನ್ನು ಐರ್ಲೆಂಡಿಗೆ ಕಳಿಸಲು ಹೊರಟಿತು ಕೆಳಮನೆ. ಸೈನಿಕರು ಅರ್ಜಿ ಬರೆದರೆ, ಅರ್ಜಿ ಬರೆದವರು ರಾಜ್ಯದ ಶತ್ರುಗಳು ಎಂದು ಸಾರಿತು. ಪ್ರಾಣ ಕೊಟ್ಟು ಗೆಲ್ಲಿಸಿದವರಿಗೆ ಆಡುವ ಮಾತಲ್ಲ ಅದು. ಜೂನ್ ತಿಂಗಳಲ್ಲಿ ಕಾರ್ನೆಟ್ ಜಾರ್ಜ್ ಜಾಯ್ಸ್ ಎಂಬ ಕಿರಿಯ ಅಧಿಕಾರಿ ನೂರಾರು ಸವಾರರ ಜೊತೆ ಹೋಗಿ, ಪಾರ್ಲಿಮೆಂಟಿನ ಸೆರೆಯಲ್ಲಿದ್ದ ರಾಜನನ್ನು ಹೊರಡಿಸಿಕೊಂಡು ಬಂದ. ನಿನಗೆ ಅಧಿಕಾರ ಕೊಟ್ಟ ಪತ್ರ ಎಲ್ಲಿ ಎಂದು ಚಾರ್ಲ್ಸ್ ಕೇಳಿದಾಗ ಜಾಯ್ಸ್ ತನ್ನ ಹಿಂದೆ ಸಾಲಾಗಿ ನಿಂತಿದ್ದ ಕುದುರೆಗಳತ್ತ ಕೈ ತೋರಿಸಿದನಂತೆ. ಇಡೀ ಪಾಠದಲ್ಲಿ ಮಕ್ಕಳಿಗೆ ಒಂದೇ ಪ್ರಸಂಗ ಹೇಳಲು ಸಮಯವಿದ್ದರೆ ಇದನ್ನು ಹೇಳಿ. ರಾಜನ ಸಹಿಯೂ ಇಲ್ಲ, ಪಾರ್ಲಿಮೆಂಟಿನ ಸಹಿಯೂ ಇಲ್ಲ, ಕುದುರೆಗಳು ಮಾತ್ರ ಇವೆ.

1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಪಟ್ಟಿ ಹಿಡಿದು ಕೆಳಮನೆಯ ಬಾಗಿಲಲ್ಲಿ ನಿಂತು, ಸೈನ್ಯಕ್ಕೆ ಬೇಡವಾದ ಸದಸ್ಯರನ್ನು ತಡೆದ. ಏಳು ವರ್ಷದ ಹಿಂದೆ ರಾಜ ಐವರಿಗಾಗಿ ಬಂದಿದ್ದ ಅದೇ ಸಭೆ! ಮುಂದಿನ ಜನವರಿ 30ರಂದು ಚಾರ್ಲ್ಸ್‌ನ ಶಿರಚ್ಛೇದ. 1653ರ ಏಪ್ರಿಲ್‌ನಲ್ಲಿ ಆ ಸೈನ್ಯದ ನಾಯಕ ಕ್ರಾಮ್‌ವೆಲ್ ಬಂದೂಕಿನವರನ್ನು ಒಳಗೆ ಕರೆದು ಉಳಿದಿದ್ದ ಸದಸ್ಯರನ್ನೂ ಹೊರಹಾಕಿದ. ನಿಮ್ಮ ವಿದ್ಯಾರ್ಥಿನಿ ಹೆದರಿದ್ದು ಇದಕ್ಕೇ. ಅದು ನಿಜವಾಗಿ ನಡೆದಿದೆ, ಮಾಡಿದ್ದು ರಾಜನ ಸೈನ್ಯವಲ್ಲ.

ಈ ನೆನಪಿನಿಂದಲೇ ರಾಜಮನೆತನ ಮರಳಿ ಬಂದ ಮೇಲೆ, 1661ರಲ್ಲಿ, ಪಾರ್ಲಿಮೆಂಟು ತಾನಾಗಿ ಕಾಯ್ದೆ ಮಾಡಿ, ನೆಲದ ಮೇಲಿನ, ನೀರಿನ ಮೇಲಿನ ಎಲ್ಲ ಪಡೆಗಳ ಆಜ್ಞೆ ರಾಜನೊಬ್ಬನದೇ, ಯಾವತ್ತೂ ಅವನದೇ ಆಗಿತ್ತು ಎಂದು ಬರೆದುಕೊಟ್ಟಿತು. ಅದರ ಅಪಾಯ ಕಾಣಲು ಕಾಲು ಶತಮಾನವೂ ಬೇಕಾಗಲಿಲ್ಲ. ಎರಡನೇ ಜೇಮ್ಸ್ 1685ರಲ್ಲಿ ಪಟ್ಟಕ್ಕೆ ಬಂದ ವರ್ಷವೇ ಸೈನ್ಯವನ್ನು ಸುಮಾರು 20 ಸಾವಿರಕ್ಕೆ ಏರಿಸಿದ, ಕಾನೂನು ತಡೆದರೂ ಕ್ಯಾಥೊಲಿಕ್ ಅಧಿಕಾರಿಗಳನ್ನು ನೇಮಿಸಿದ, ಲಂಡನ್ನಿನ ಪಕ್ಕದ ಹೌನ್‌ಸ್ಲೋ ಬಯಲಿನಲ್ಲಿ ಪಾಳೆಯ ಹೂಡಿಸಿದ. ಪಾರ್ಲಿಮೆಂಟು ಆಕ್ಷೇಪಿಸಿದ್ದಕ್ಕೆ ಅಧಿವೇಶನ ನಿಲ್ಲಿಸಿದ. ಅದು ಮತ್ತೆ ಸೇರಲೇ ಇಲ್ಲ. 1688ರಲ್ಲಿ ಅವನ ಅಳಿಯ ವಿಲಿಯಂ ಹಾಲೆಂಡಿನಿಂದ ಬಂದಿಳಿದಾಗ ಜೇಮ್ಸ್ ದೇಶ ಬಿಟ್ಟ, ವಿಲಿಯಂ ದೊರೆಯಾದ.

ಈಗ ನೀವು ಹೇಳಿದ 1689. ಹಕ್ಕುಗಳ ಮಸೂದೆಯ ಸಾಲನ್ನು ಪದಪದ ಓದಿ: ಶಾಂತಿಕಾಲದಲ್ಲಿ, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ, ರಾಜ್ಯದೊಳಗೆ ಖಾಯಂ ಸೈನ್ಯ ಕಟ್ಟುವುದು, ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಆಜ್ಞೆ ಯಾರದು ಎಂಬ ಮಾತೇ ಅದರಲ್ಲಿಲ್ಲ. ಇನ್ನೊಂದು ಎಳೆ, ಶಿಸ್ತಿನ ಕಾನೂನು, ಆಕಸ್ಮಿಕವಾಗಿ ಸಿಕ್ಕಿತು. ಆ ವರ್ಷದ ಮಾರ್ಚ್‌ನಲ್ಲಿ ಇಪ್ಸ್‌ವಿಚ್‌ನಲ್ಲಿದ್ದ ಸ್ಕಾಟಿಷ್ ರೆಜಿಮೆಂಟು ಹಾಲೆಂಡಿಗೆ ಹೋಗಲೊಪ್ಪದೆ ದಂಗೆಯೆದ್ದು ಉತ್ತರಕ್ಕೆ ನಡೆಯಿತು. ಶಾಂತಿಕಾಲದಲ್ಲಿ ಸೈನಿಕನನ್ನು ಕೋರ್ಟ್ ಮಾರ್ಷಲ್ ಮಾಡಿ ಮರಣದಂಡನೆ ಕೊಡಲು ಕಾನೂನಿನಲ್ಲಿ ಆಧಾರವಿರಲಿಲ್ಲ. 1628ರ ಹಕ್ಕುಗಳ ಅರ್ಜಿಯೇ ಅದನ್ನು ಖಂಡಿಸಿತ್ತು. ಪಾರ್ಲಿಮೆಂಟು ಆ ಅಧಿಕಾರವನ್ನು ಮ್ಯುಟಿನಿ (ಸೈನಿಕ ದಂಗೆ) ಕಾಯ್ದೆಯ ಮೂಲಕ ಕೊಟ್ಟಿತು, ಆದರೆ ಅದೇ ನವೆಂಬರ್ 10ರವರೆಗೆ ಮಾತ್ರ. ಬೇಕೆಂದರೆ ಮತ್ತೆ ಬಂದು ಕೇಳಬೇಕು. ಹೀಗೆ ಸಾಲ ನವೀಕರಿಸಿದಂತೆ ಶಿಸ್ತಿನ ಕಾನೂನನ್ನು ನವೀಕರಿಸುವ ರೂಢಿ ಬೆಳೆಯಿತು. ಇವತ್ತಿಗೂ ಬ್ರಿಟನ್ನಿನ ಸಶಸ್ತ್ರ ಪಡೆಗಳ ಕಾಯ್ದೆಯನ್ನು ಐದು ವರ್ಷಕ್ಕೊಮ್ಮೆ ಪಾರ್ಲಿಮೆಂಟು ಹೊಸದಾಗಿ ಅನುಮೋದಿಸಬೇಕು.

ಇದನ್ನೂ ಉತ್ಪ್ರೇಕ್ಷೆ ಮಾಡಬೇಡಿ. ಮ್ಯುಟಿನಿ ಕಾಯ್ದೆ ಮುಗಿದ ಕೂಡಲೇ ಸೈನ್ಯ ಕರಗಿಹೋಗುತ್ತಿತ್ತು ಎಂದು ಕೆಲವು ಗೈಡುಗಳಲ್ಲಿದೆ. 1698ರಲ್ಲಿ ಕಾಯ್ದೆ ಮುಗಿದು ಕೆಲವು ವರ್ಷ ನವೀಕರಣವಾಗಲಿಲ್ಲ, ಆಗಲೂ ಸೈನ್ಯವಿತ್ತು. ಅದನ್ನು ಕುಗ್ಗಿಸಿದ್ದು ಹಣ. ವಿಲಿಯಂ ಎಷ್ಟು ಕೇಳಿಕೊಂಡರೂ 1699ರಲ್ಲಿ ಇಂಗ್ಲೆಂಡಿನ ಸೈನ್ಯವನ್ನು 7,000ಕ್ಕೆ ಇಳಿಸಿದರು, ಅವನ ಪ್ರೀತಿಯ ಡಚ್ ಅಂಗರಕ್ಷಕರನ್ನೂ ಊರಿಗೆ ಕಳಿಸಿದರು. ಅಷ್ಟಾದರೂ ಉಳಿದ ಸೈನ್ಯಕ್ಕೆ ಆಜ್ಞೆ ಕೊಡುವವನು ವಿಲಿಯಂ.

ಆ ಆಜ್ಞೆ ನಿಧಾನವಾಗಿ ಮಂತ್ರಿಗಳ ಕೈಗೆ ಬಂತು. 1870ರಲ್ಲಷ್ಟೇ, ರಾಣಿ ವಿಕ್ಟೋರಿಯಾಳ ಸೋದರ ಸಂಬಂಧಿ ಕೇಂಬ್ರಿಜ್ ಡ್ಯೂಕ್ ಮಹಾದಂಡನಾಯಕನಾಗಿದ್ದಾಗ, ಆ ಹುದ್ದೆಯನ್ನು ಸ್ಪಷ್ಟವಾಗಿ ಯುದ್ಧ ಮಂತ್ರಿಯ ಕೆಳಗೆ ತಂದರು. ಇಲ್ಲಿ ಜನ ಗಮನಿಸದ ಒಂದು ತಿರುವಿದೆ. ದೊರೆಯ ಕೈಯಿಂದ ಜಾರಿದ ಅಧಿಕಾರ ಸಭೆಗೆ ಹೋಗಲಿಲ್ಲ, ಮಂತ್ರಿಮಂಡಲಕ್ಕೆ ಹೋಯಿತು. 2013ರಲ್ಲಿ ಸಿರಿಯಾದ ಮೇಲಿನ ಕಾರ್ಯಾಚರಣೆಯನ್ನು ಬ್ರಿಟನ್ನಿನ ಕೆಳಮನೆ 285-272 ಮತಗಳಿಂದ ತಿರಸ್ಕರಿಸಿದಾಗ ಸರ್ಕಾರ ಹಿಂದೆ ಸರಿಯಿತು. 2018ರಲ್ಲಿ ಮತವನ್ನೇ ಕೇಳದೆ ಸಿರಿಯಾದ ಮೇಲೆ ದಾಳಿ ಮಾಡಿತು. ಎರಡೂ ಕಾನೂನುಬದ್ಧವೇ.

ನಮ್ಮ ಸಂವಿಧಾನ ಬರೆದವರ ಮುಂದೆ ಈ ದಾರಿಗಳೆಲ್ಲ ಇದ್ದವು. ಅವರು ಆರಿಸಿದ್ದು 1689ರ ದಾರಿ, ಒಂದು ಬದಲಾವಣೆಯೊಂದಿಗೆ. 53(2)ನೇ ವಿಧಿ ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಡುತ್ತದೆ. ಅದೇ ಉಸಿರಿನಲ್ಲಿ, ಅದರ ಚಲಾವಣೆ ಕಾನೂನಿನಿಂದ ನಿಯಂತ್ರಿತವಾಗಿರಬೇಕು ಎನ್ನುತ್ತದೆ. ಕಾನೂನು ಮಾಡುವುದು ಸಂಸತ್ತು. 74ನೇ ವಿಧಿಯಂತೆ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಇದನ್ನೇ ಹೇಳಿತು, 1976ರ 42ನೇ ತಿದ್ದುಪಡಿ ಅದನ್ನು ಅಕ್ಷರದಲ್ಲೇ ಬರೆಯಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಅಷ್ಟೇ. 77ನೇ ವಿಧಿಯಂತೆ ಕೇಂದ್ರ ಸರ್ಕಾರದ ಪ್ರತಿ ಆದೇಶವೂ ರಾಷ್ಟ್ರಪತಿಯ ಹೆಸರಿನಲ್ಲಿ ಹೊರಡುತ್ತದೆ. ಮನುಷ್ಯ ಬೇರೆ, ಪದವಿ ಬೇರೆ ಎಂದು 1642ರಲ್ಲಿ ರಕ್ತ ಹರಿಸಿದ ವಾದ ನಮ್ಮ ಕಚೇರಿಗಳಲ್ಲಿ ದಿನನಿತ್ಯದ ಷರಾ ಆಗಿದೆ.

ಬದಲಾವಣೆ ಏನೆಂದರೆ, ನಮ್ಮ 1950ರ ಸೇನಾ ಕಾಯ್ದೆಗೆ ಅವಧಿಯಿಲ್ಲ. ಬ್ರಿಟನ್ನಿನ ಹಾಗೆ ಅದನ್ನು ಮತ್ತೆ ಮತ್ತೆ ಅನುಮೋದಿಸಬೇಕಿಲ್ಲ. ಇದರಿಂದ ಸೈನ್ಯಕ್ಕೆ ಸ್ಥಿರತೆ ಸಿಕ್ಕಿತು. ಸಂಸತ್ತಿಗೆ ಒಂದು ಹಿಡಿ ಕಡಿಮೆಯಾಯಿತು. ಉಳಿದದ್ದು ಪ್ರತಿ ವರ್ಷದ ಬಜೆಟ್ ಮತ್ತು ಮಂತ್ರಿಮಂಡಲ ಲೋಕಸಭೆಗೆ ಹೊಣೆ ಎಂಬ ನಿಯಮ. ರಕ್ಷಣಾ ಇಲಾಖೆಯ ಅನುದಾನ ಬೇಡಿಕೆ ಚರ್ಚೆಯೇ ಇಲ್ಲದೆ, ಸಮಯ ಮುಗಿಯಿತೆಂದು ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕುವ ಗಿಲೊಟಿನ್ ಪದ್ಧತಿಯಲ್ಲಿ ಪಾಸಾದ ವರ್ಷಗಳಿವೆ. ಯುದ್ಧ ಹೂಡಲು ಸಂಸತ್ತಿನ ಮತ ಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ನನ್ನನ್ನು ಕೇಳಿದರೆ ಚಿಂತೆ ಮಾಡಬೇಕಾದ ಜಾಗ ಇದು. ರಾಷ್ಟ್ರಪತಿಯೊಬ್ಬರು ಏಕಾಏಕಿ ಸೈನ್ಯ ಕರೆದುಬಿಟ್ಟಾರು ಎಂಬ ಭಯಕ್ಕೆ ಆಧಾರ ಕಡಿಮೆ. ಪ್ರಶ್ನೆ ಕೇಳುವುದನ್ನು ಮರೆತ ಸಭೆಯ ಮುಂದೆ ಮಂತ್ರಿಮಂಡಲ ಎಷ್ಟು ದೂರ ಹೋಗಬಲ್ಲದು ಎಂಬ ಭಯಕ್ಕೆ ಆಧಾರ ಹೆಚ್ಚು.

ಮಕ್ಕಳಿಗೆ ನಮ್ಮ ನೆಲದ ಉದಾಹರಣೆ ಬೇಕಾದರೆ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯನವರದ್ದಿದೆ. 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಒಗ್ಗದೆ ರಾಜೀನಾಮೆ ಕೊಟ್ಟರು. ನೆಹರೂ ಕೇಳಿಕೊಂಡ ಮೇಲೆ ಹಿಂತೆಗೆದುಕೊಂಡರು. ಯಾರು ಸರಿ ಎಂಬ ವಾದ ಇನ್ನೂ ನಡೆಯುತ್ತಿದೆ, ನಡೆಯಲಿ. ಯುದ್ಧಭೂಮಿಯಲ್ಲಿ ಹೆಸರು ಮಾಡಿದ ದಂಡನಾಯಕರ ಅಸಮಾಧಾನ ಹೊರಬಂದದ್ದು ಒಂದು ಕಾಗದದ ರೂಪದಲ್ಲಿ. ಜಾಯ್ಸ್‌ನ ಕುದುರೆಗಳ ಪಕ್ಕದಲ್ಲಿ ಈ ಕಾಗದವನ್ನಿಟ್ಟು ತೋರಿಸಿ, ಮಕ್ಕಳಿಗೆ ವ್ಯತ್ಯಾಸ ಕಾಣುತ್ತದೆ.

ಆ ಹುಡುಗಿಗೆ ಹೀಗೆ ಹೇಳಿ: ಇಲ್ಲಮ್ಮ, ಹಾಕಬೇಕಾಗಿಲ್ಲ. ಮಂತ್ರಿಮಂಡಲದ ಸಲಹೆಯಿಲ್ಲದೆ ರಾಷ್ಟ್ರಪತಿ ತಾವಾಗಿ ಆಡಿದ ಮಾತು ಸಂವಿಧಾನದ ಲೆಕ್ಕದಲ್ಲಿ ಆಜ್ಞೆಯೇ ಅಲ್ಲ. ಮಂತ್ರಿಮಂಡಲವೇ ಹೇಳಿದರೂ ಸಂಸತ್ತಿಗೆ ಬೀಗ ಹಾಕಿಸುವ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಸೇನಾ ಕಾಯ್ದೆಯ 41ನೇ ಸೆಕ್ಷನ್ ಅವಿಧೇಯತೆಗೆ ಶಿಕ್ಷೆ ಹೇಳುವಾಗ "ಕಾನೂನುಬದ್ಧ ಆಜ್ಞೆ" ಎಂದೇ ಹೇಳುತ್ತದೆ. ಇನ್ನು ನಿಮ್ಮ ಆ ಹಳೆಯ ವಿದ್ಯಾರ್ಥಿ ಮತ್ತೆ ರಜೆಗೆ ಬಂದಾಗ ಪ್ರಮಾಣವಚನವನ್ನು ಮೊದಲಿನಿಂದ ಹೇಳಿಸಿ. ರಾಷ್ಟ್ರಪತಿಯವರ ಆಜ್ಞೆಯ ಮಾತು ಅದರಲ್ಲಿ ಆಮೇಲೆ ಬರುತ್ತದೆ. ಮೊದಲು ಬರುವುದು, ಕಾನೂನಿನಿಂದ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬ ಸಾಲು.